ಪರಾಗ್ವೆ: ಎರಡು ಬಂದೂಕುಗಳ ನಡುವಿನ ಹಳ್ಳಿಗರು

ಮಾನ್ಯರೇ,

ದಕ್ಷಿಣ ಅಮೆರಿಕದ ಪರಾಗ್ವೆಯಲ್ಲಿ 2008ರಿಂದ ‘ಪರಾಗ್ವೆ ಜನಸೇನೆ’ ಎಂಬ ಎಡಪಂಥೀಯ ಸಶಸ್ತ್ರ ಗುಂಪು ಕನ್ಸೆಪ್ಸಿಯೋನ್, ಸಾನ್ ಪೆದ್ರೊ, ಅಮಾಂಬಾಯ್ ಪ್ರಾಂತ್ಯಗಳಲ್ಲಿ ಅಪಹರಣ, ಸುಲಿಗೆ, ಹತ್ಯೆಗಳನ್ನು ನಡೆಸುತ್ತ ಬಂದಿದೆ. ಇದರ ಸದಸ್ಯಬಲ ಎಂದೂ ದೊಡ್ಡದಾಗಿರಲಿಲ್ಲ. ಆದರೂ 2013ರಲ್ಲಿ ಅಲ್ಲಿನ ಸರ್ಕಾರ ಸೇನೆ ಮತ್ತು ಪೊಲೀಸರ ಜಂಟಿ ಕಾರ್ಯಪಡೆಯನ್ನು ರಚಿಸಿ ಆ ಭಾಗಕ್ಕೆ ಕಳುಹಿಸಿತು.

ಇದರ ಫಲವೇನು ಎಂಬುದನ್ನು 2020ರ ಸೆಪ್ಟೆಂಬರ್ ತಿಂಗಳೊಂದೇ ಹೇಳುತ್ತದೆ. ಕಾರ್ಯಪಡೆಯ ದಾಳಿಯಲ್ಲಿ ಅರ್ಜೆಂಟೀನಾದ 11 ವರ್ಷದ ಇಬ್ಬರು ಬಾಲಕಿಯರು ಸತ್ತರು. ಆ ದಾಳಿಯನ್ನು ಯಶಸ್ಸೆಂದು ಬಣ್ಣಿಸಿದ ಅಧಿಕಾರಿಗಳು ಶವಗಳನ್ನು ತರಾತುರಿಯಲ್ಲಿ ಹೂಳಿಸಿದರು, ಮಕ್ಕಳ ಬಟ್ಟೆಗಳನ್ನೂ ಸುಟ್ಟುಹಾಕಲಾಯಿತು. ಅದಾದ ಒಂದೇ ವಾರದಲ್ಲಿ ಬಂಡುಕೋರರು ಮಾಜಿ ಉಪಾಧ್ಯಕ್ಷ ಆಸ್ಕರ್ ಡೆನಿಸ್ ಅವರನ್ನು, ಅವರ ಜೊತೆಗಿದ್ದ ಆದಿವಾಸಿ ಕೆಲಸಗಾರ ಯುವಕನೊಂದಿಗೆ ಅಪಹರಿಸಿದರು. ಯುವಕ ಕೆಲವು ದಿನಗಳಲ್ಲಿ ಬಿಡುಗಡೆಯಾದ. ಬಂಡುಕೋರರ ಬೇಡಿಕೆಯಂತೆ ಬಡ ಹಳ್ಳಿಗಳಿಗೆ ಆಹಾರಧಾನ್ಯ ಹಂಚಿದರೂ ಡೆನಿಸ್ ಕುಟುಂಬಕ್ಕೆ ಅವರು ಮರಳಿ ಸಿಗಲಿಲ್ಲ. ಬಡವರ ಹೆಸರು ಹೇಳಿಕೊಂಡು ಮಾಡುವ ಇಂಥ ಕೃತ್ಯವನ್ನು ಯಾವ ಸಿದ್ಧಾಂತವೂ ಸಮರ್ಥಿಸಲಾರದು.

ಆದರೆ ಈ ಸಂಘರ್ಷದ ಬೇರು ಭೂಮಿಯ ಹಂಚಿಕೆಯಲ್ಲಿದೆ. 1954ರಿಂದ 1989ರವರೆಗೆ ಆಳಿದ ಸರ್ವಾಧಿಕಾರಿ ಸ್ಟ್ರೋಸ್ನರ್ ಭೂಸುಧಾರಣೆಯ ಹೆಸರಿನಲ್ಲಿ ಲಕ್ಷಾಂತರ ಹೆಕ್ಟೇರ್ ಸರ್ಕಾರಿ ಜಮೀನನ್ನು ಸೇನಾಧಿಕಾರಿಗಳಿಗೂ ಆಪ್ತರಿಗೂ ಹಂಚಿದ್ದನ್ನು ಆ ದೇಶದ ಸತ್ಯಶೋಧನಾ ಆಯೋಗವೇ ದಾಖಲಿಸಿದೆ. ಸೋಯಾ ಹೊಲ, ದನಗಳ ಬೃಹತ್ ಎಸ್ಟೇಟ್‌ಗಳ ನಡುವೆ ತುಂಡು ಜಮೀನಿಗೂ ಗತಿಯಿಲ್ಲದ ರೈತರಿಗೆ ಆ ಜಮೀನನ್ನು ಮರಳಿಸುವ ಕೆಲಸವನ್ನು ಪರಾಗ್ವೆ ಸರ್ಕಾರ ಇನ್ನಾದರೂ ಕೈಗೆತ್ತಿಕೊಳ್ಳಬೇಕು. ಬಾಲಕಿಯರ ಸಾವಿನ ಬಗ್ಗೆ ಸ್ವತಂತ್ರ ತನಿಖೆಗೂ ಅವಕಾಶ ನೀಡಬೇಕು.

– ಓದುಗ, ಧಾರವಾಡ