ಓಂಕಾಳು ಕೇಳಿದ್ದೀಯ, ತಗೋ

ಲೋ ಕಡ್ಲೆ,

ನೀನು ವಾಟ್ಸಾಪಲ್ಲಿ ಒಂದು ಸಾಲು ಕೇಳಿದೆ, ನಾನು ಊರಿಗೆಲ್ಲ ಕಾಣೋ ಹಾಗೆ ಇಲ್ಲಿ ಪತ್ರ ಬರೀತಿದ್ದೀನಿ. ಬೈಬೇಡ. ನಿನ್ನ ಮಗಳ ಹೊಟ್ಟೆನೋವಿನ ನೆಪದಲ್ಲಿ ನಾಲ್ಕು ಲೈಕು ಬಂದರೆ ಅರ್ಧ ನಿನಗೆ. ರೈಲ್ವೆ ಗೇಟಿನ ಕಲ್ಲಂಗಡಿ ಲೆಕ್ಕ ಇನ್ನೂ ಬಾಕಿ ಇದೆಯಲ್ಲ, ಅದರಲ್ಲಿ ಮುರ್ಕೋ.

ಅಮ್ಮ ಮಾಡ್ತಿದ್ದ ಓಂಕಾಳು ಕಷಾಯ ಹೇಗೆ ಅಂದೆ. ಅಮ್ಮನಿಗೆ ಅಳತೆ ಅಂತ ಇರಲಿಲ್ಲ ಕಣೋ. ಬಾಣಲೆ ಕಾಯಿಸಿ ಒಂದು ಚಮಚ ಓಮ ಹಾಗೇ ಹುರಿಯೋದು, ಘಾಟು ಮೂಗಿಗೆ ಹತ್ತಿದ ತಕ್ಷಣ ಒಂದು ಲೋಟ ನೀರು ಸುರಿದು ಅರ್ಧಕ್ಕೆ ಇಳಿಸೋದು, ಚಿಟಿಕೆ ಉಪ್ಪು, ಚೂರು ಬೆಲ್ಲ. ನಿನ್ನ ಮಗಳು ಚಿಕ್ಕವಳು, ಮೊದಲು ಅಲ್ಲಿನ ಡಾಕ್ಟರನ್ನ ಕೇಳು. ನಮಗೆ ಇಷ್ಟೂ ಉಪಚಾರ ಇರಲಿಲ್ಲ. ಅಂಗೈಲಿ ಉಜ್ಜಿ, ಹೊಟ್ಟು ಊದಿ, ಹರಳುಪ್ಪಿನ ಜೊತೆ ಬಾಯಿಗೆ ತುರುಕಿ, "ಅಗಿ, ಉಗಿದರೆ ನೋಡು!" ನೆಗಡಿಗೆ ಅದೇ ಓಮ ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಂಚಿನ ಮೇಲೆ ಬಿಸಿ ಮಾಡಿ ಮೂಗಿಗೆ. ಅಕ್ಕನ ಬಾಣಂತನದಲ್ಲಿ ಮಗುವಿಗೆ ಎರೆದ ಮೇಲೆ ಕೆಂಡಕ್ಕೆ ಬೆಳ್ಳುಳ್ಳಿ ಸಿಪ್ಪೆ ಜೊತೆ ಒಂದು ಹಿಡಿ. ಮನೆಯೆಲ್ಲ ಹೊಗೆ, ಭಾವ ಕೆಮ್ಮುತ್ತಾ ಜಗಲಿಗೆ.

ಜರ್ಮನಿಯಲ್ಲಿ ಓಮಕ್ಕೆ ಮೂರು ಅಂಗಡಿ ಅಲೆದೆ ಅಂದೆಯಲ್ಲ, ನೀನು ನೂರು ವರ್ಷಕ್ಕೂ ಮುಂಚೆ ಹೋಗಬೇಕಿತ್ತು. 1914ರ ಯುದ್ಧಕ್ಕೆ ಮೊದಲು ನಮ್ಮ ದೇಶದ ಓಮ ಹಡಗು ಹತ್ತಿ ಅಲ್ಲಿಗೇ ಹೋಗ್ತಿತ್ತು, ಥೈಮಾಲ್ ತೆಗೆಯೋಕೆ. ಘಾಟು ಅಂತೀವಲ್ಲ, ಅದರ ಅಸಲು ಅದೇ. ಆಗಿನ ಡಾಕ್ಟರುಗಳು ಕೊಕ್ಕೆಹುಳಕ್ಕೆ ಅದನ್ನೇ ಕೊಡ್ತಿದ್ದರು, ಬಾಯಿ ಮುಕ್ಕಳಿಸೋ ಔಷಧಿಗೆ ಇವತ್ತಿಗೂ ಹಾಕ್ತಾರೆ. ನಮ್ಮವರು ಅದನ್ನ ಓಮದ ಹೂ ಅಂದರು. ಓಮದ ಹೂ, ಮೆಂಥಾಲ್, ಕರ್ಪೂರ, ಮೂರೂ ಗಟ್ಟಿ ಪದಾರ್ಥ. ಒಂದೇ ಸೀಸೆಗೆ ಹಾಕಿ ಅಲುಗಿಸಿದರೆ ಹನಿ ನೀರು ಸೇರಿಸದೆ ತಾವೇ ಕರಗಿ ನೀರಾಗ್ತವೆ. ಅದೇ ಅಮೃತಧಾರೆ. ನಿಮ್ಮ ತಾತ ಸೆಂಟು ಅಂತ ಕಿವಿ ಹಿಂದೆ ಹಚ್ಚಿಕೊಂಡು ಮದುವೆಗೆ ಬರ್ತಿದ್ದರಲ್ಲ, ಅದು.

ಇಲ್ಲಿಗೆ ನಿಲ್ಲಿಸಬೇಕು ಅಂತಲೇ ಕೂತಿದ್ದೆ.

ಅಪ್ಪನಿಗೆ ಸ್ಟೆಂಟ್ ಹಾಕಿದ್ದು ನಿನಗೆ ಗೊತ್ತು. ಆ ರಾತ್ರಿ ಅವರು ಮೊದಲು ಫೋನ್ ಮಾಡಿದ್ದು ನನಗೆ. "ಎದೆ ಉರೀತಿದೆ ಕಣಪ್ಪ" ಅಂದರು. ಮ್ಯಾಚು ಕೊನೇ ಎರಡು ಓವರ್ ಇತ್ತು. "ಗ್ಯಾಸು ಅಪ್ಪ, ಓಂಕಾಳು ಉಪ್ಪು ಅಗಿದು ಬಿಸಿನೀರು ಕುಡೀರಿ" ಅಂದೆ. ಹಾಗೇ ಮಾಡಿದರು. ಎರಡು ತೇಗು ಬಂತಂತೆ, ಹಗುರಾಯ್ತಂತೆ, ಮಲಗಿಬಿಟ್ಟರಂತೆ. ರಾತ್ರಿ ಎರಡೂವರೆಗೆ ಪಕ್ಕದ ಮನೆಯವರು ಕಾರಲ್ಲಿ ಹಾಕ್ಕೊಂಡು ಓಡಿದರು.

ಈಗ ನೋಡೋಕೆ ಬಂದವರಿಗೆಲ್ಲ ಅಪ್ಪ ಹೇಳೋದು ಒಂದೇ: "ಮಗ ಫೋನಲ್ಲೇ ಓಮ ತಗೊಳ್ಳಿ ಅಂದ ನೋಡಿ, ಅದೇ ಅಷ್ಟು ಹೊತ್ತು ತಡೀತು." ಆ ಓಮ ತಡೆದದ್ದು ಅವರನ್ನ, ಆಸ್ಪತ್ರೆಗೆ ಹೋಗದ ಹಾಗೆ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡೀತಿರ್ತೀನಿ.

ಎದೆ ಉರಿ ಅಂತ ಮಾತ್ರ ಅಂದರು ಅಂತ ನನ್ನ ಹೆಂಡತಿಗೂ ಹೇಳಿದ್ದೀನಿ. ಎಡಗೈ ಜೋಮು ಹಿಡಿದ ಹಾಗಿದೆ ಅಂತಲೂ ಅಂದಿದ್ದರು ಕಣೋ. ಕೇಳಿಸಿತ್ತು. ಅಮ್ಮ ಓಮ ಕೊಟ್ಟರೆ ಬಾಯಿ ತೆರೆಸಿ ನುಂಗಿದ್ದೀವಾ ನೋಡೋಳು, ಅರ್ಧ ಗಂಟೆ ಬಿಟ್ಟು ಬಂದು ಹೊಟ್ಟೆ ಮುಟ್ಟಿ ನೋಡೋಳು. ನಾನು ಓಮ ಅಂದದ್ದು ಫೋನ್ ಇಡೋಕೆ.

ಸರಿ ಬಿಡು. ಆ ಮ್ಯಾಚೂ ಸೋತರು, ದರಿದ್ರ. ಇದನ್ನ ನಿಮ್ಮಮ್ಮನಿಗೆ ಮಾತ್ರ ಓದಿ ಹೇಳಬೇಡ, ಹತ್ತು ನಿಮಿಷದಲ್ಲಿ ನಮ್ಮಪ್ಪನ ಕಿವಿಗೆ ಬಿದ್ದಿರುತ್ತೆ. ಅವರದ್ದು ಇನ್ನೂ ಗುಂಡಿ ಫೋನು ಅನ್ನೋ ಧೈರ್ಯದ ಮೇಲೇ ಇಷ್ಟು ಬರೆದದ್ದು. ಓಮ ಕಾಲು ಕೆಜಿ ಕಳಿಸ್ತಿದ್ದೀನಿ. ಕಸ್ಟಮ್ಸ್‌ನವರು ಇದೇನು ಅಂತ ಕೇಳಿದರೆ, ನಿಮ್ಮ ಮುತ್ತಾತನನ್ನ ಕೇಳಿ ಅನ್ನು.

ಇಂತಿ,
ಕಲ್ಲಂಗಡಿ ಸಾಲಗಾರ