ಶ್ರೀಪಾದನಿಗೆ, ಗಡ್ಡೆಗಳ ವಿಷಯವಾಗಿ

ಪ್ರೀತಿಯ ಶ್ರೀಪಾದ,

ನಿನ್ನ ಮನೆಯ ಅಮರಿಲ್ಲಿಸ್ ಒಂದು ವರ್ಷ ಜೋರಾಗಿ ಹೂ ಬಿಟ್ಟು, ಆಮೇಲೆ ಬರೀ ಎಲೆ ಬಿಡುತ್ತಾ ಕೂತಿದೆ ಅಂತ ಬರೆದಿದ್ದೆಯಲ್ಲ. ಉತ್ತರವನ್ನು ಇಲ್ಲೇ, ಎಲ್ಲರ ಎದುರೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಪುಣೆಯಲ್ಲೂ ಬೇಕಾದಷ್ಟು ಜನ ಕೇಳುತ್ತಾರೆ. ಅವರೂ ಓದಿಕೊಳ್ಳಲಿ. ಹೋಲ್ಡಾಲಿನ ಕಥೆ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಮೊದಲು ನೀನು ಕಳಿಸಿದ ಫೋಟೋ. ಎಲೆ ಉದ್ದುದ್ದ, ಕಡು ಹಸಿರು, ಜೋತು ಬಿದ್ದಿವೆ. ನೋಡಲು ಚಂದ. ಆದರೆ ಅವು ಬಿಸಿಲು ಹುಡುಕಿಕೊಂಡು ಚಾಚಿದ ಎಲೆಗಳು ಮಾರಾಯ. ಅಡಿಕೆ ಮರದ ನೆರಳಲ್ಲಿಟ್ಟು, ಮೇಲಿಂದ ಸಗಣಿ ಗೊಬ್ಬರ ಸುರಿದರೆ ಗಿಡ ಎಲೆಯಲ್ಲೇ ಸುಖವಾಗಿರುತ್ತದೆ. ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಕಡೆ ಅದನ್ನು ತಂದಿಡು. ಸಾರಜನಕ ಕಡಿಮೆ, ಪೊಟ್ಯಾಶ್ ಜಾಸ್ತಿ ಇರುವ ಗೊಬ್ಬರ ಹಾಕು. ನಿಮ್ಮಲ್ಲಿ ಬಚ್ಚಲೊಲೆಯ ಬೂದಿ ಇದೆಯಲ್ಲ, ಸ್ವಲ್ಪ ಉದುರಿಸಿದರೆ ಸಾಕು. ಮತ್ತೆ, ಗಡ್ಡೆಯನ್ನು ಪೂರ್ತಿ ಹುಗಿದುಬಿಟ್ಟಿದ್ದೀಯ. ಮೂರನೇ ಒಂದು ಭಾಗವಾದರೂ ಮಣ್ಣಿನ ಮೇಲೆ ಕಾಣುತ್ತಿರಬೇಕು. ದೊಡ್ಡ ಕುಂಡ ಬೇಡ. ಗಡ್ಡೆಯ ಸುತ್ತ ಎರಡು ಬೆರಳು ಜಾಗ ಇದ್ದರೆ ಆಯಿತು. ದೊಡ್ಡ ಕುಂಡದಲ್ಲಿ ಮಣ್ಣು ಬೇಗ ಒಣಗದೆ ಬೇರು ಕೊಳೆಯುತ್ತದೆ.

ಈಗ ಮುಖ್ಯ ಮಾತು. ಹೂ ಇರುವಾಗ ಎಲ್ಲರೂ ಗಿಡ ನೋಡುತ್ತಾರೆ. ಹೂ ಬಾಡಿದ ಮೇಲೆ ಕುಂಡ ಮೂಲೆ ಸೇರುತ್ತದೆ. ಆದರೆ ಮುಂದಿನ ಹೂವು ತಯಾರಾಗುವುದು ಆಗಲೇ. ಗಡ್ಡೆಯೊಳಗೆ ಸಾಮಾನ್ಯವಾಗಿ ನಾಲ್ಕು ಎಲೆ ಹುಟ್ಟಿದ ಮೇಲೆ ಒಂದು ಹೂಮೊಗ್ಗು ಹುಟ್ಟುತ್ತದೆ. ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಗ್ಗು. ಆ ಮೊಗ್ಗು ಹೊರಗೆ ತಲೆ ಹಾಕುವ ಮೊದಲು ಒಂದು ವರ್ಷದಷ್ಟು ಕಾಲ ಒಳಗೇ ಬೆಳೆಯುತ್ತಿರುತ್ತದೆ. ಈ ಏಪ್ರಿಲ್‌ನಲ್ಲಿ ನಾನು ಫೋಟೋ ಹಾಕಿದ ಕೆಂಪು ಹೂವು ಹೋದ ವರ್ಷದ ಎಲೆಗಳು ದುಡಿದಿಟ್ಟದ್ದು. ಅದಕ್ಕೇ ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲೇ ಚಿವುಟಬೇಕು. ದಂಟು ಹಸಿರಿರುವ ತನಕ ಅದನ್ನು ಮುಟ್ಟಬಾರದು. ಎಲೆಗಳನ್ನಂತೂ ಕತ್ತರಿಸಲೇಬಾರದು, ಅವು ಎಷ್ಟೇ ಅಡ್ಡಾದಿಡ್ಡಿ ಹರಡಿಕೊಂಡಿದ್ದರೂ ಸರಿ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮಾತ್ರ ತಲೆ ಕೆಡುತ್ತದೆ. ಅಲ್ಲಿ ಬರೆಯುವವರು ಹೆಚ್ಚಿನವರು ಚಳಿ ದೇಶದವರು. ಅವರಿಗೆ ಕ್ರಿಸ್‌ಮಸ್ಸಿಗೆ ಮನೆಯೊಳಗೆ ಹೂ ಬೇಕು. ಹಾಗಾಗಿ ಆಗಸ್ಟ್ ಮುಗಿಯುತ್ತಲೇ ನೀರು ನಿಲ್ಲಿಸಿ ಅನ್ನುತ್ತಾರೆ. ನಮ್ಮಲ್ಲಿ ಆಗ ಮಳೆಗಾಲ, ಎಲೆ ಸೊಂಪಾಗಿ ಬೆಳೆಯುವ ಕಾಲ. ಅದನ್ನು ತಡೆದರೆ ಗಡ್ಡೆ ದಪ್ಪಗಾಗುವುದು ಹೇಗೆ? ಸುತ್ತಳತೆ 20 ಸೆಂಟಿಮೀಟರ್ ಆದರೂ ಇಲ್ಲದ ಗಡ್ಡೆಯಿಂದ ಹೂವು ನಿರೀಕ್ಷಿಸುವುದು ಕಷ್ಟ. ನಾನು ದಸರಾ ಆದ ಮೇಲೆ ನೀರು ಕಡಿಮೆ ಮಾಡುತ್ತೇನೆ. ದೀಪಾವಳಿ ಕಳೆದ ಮೇಲೆ ಪೂರ್ತಿ ನಿಲ್ಲಿಸುತ್ತೇನೆ. ಎಲೆ ತಾನಾಗಿ ಹಳದಿಯಾಗಿ ಉದುರುತ್ತದೆ. ಇದರ ಮೂಲ ದಕ್ಷಿಣ ಅಮೆರಿಕ. ಅಲ್ಲಿನ ಅನೇಕ ಕಡೆ ನಮ್ಮ ಹಾಗೆಯೇ ಮಳೆ ಸುರಿಯುವ ತಿಂಗಳುಗಳು ಬೇರೆ, ಒಣ ತಿಂಗಳುಗಳು ಬೇರೆ. ಆ ಒಣ ತಿಂಗಳುಗಳಲ್ಲಿ ಗಡ್ಡೆ ಮಲಗುತ್ತದೆ. ಎಂಟು ಹತ್ತು ವಾರ ಒಣಗಿಸಿಡಿ, 10ರಿಂದ 13 ಡಿಗ್ರಿ ತಂಪಿರಲಿ ಅಂತ ಪುಸ್ತಕಗಳು ಹೇಳುತ್ತವೆ. ಪುಣೆಯ ಡಿಸೆಂಬರ್ ರಾತ್ರಿಗಳು ಹೆಚ್ಚುಕಡಿಮೆ ಅಷ್ಟಕ್ಕೇ ಇಳಿಯುತ್ತವೆ. ಮುಂಬೈಯಲ್ಲಿ ಆ ಚಳಿ ಸಿಗುವುದಿಲ್ಲ. ಆದರೆ ಗಡ್ಡೆಯನ್ನು ಸರಿಯಾಗಿ ಒಣಗಲು ಬಿಟ್ಟರೆ ಅಲ್ಲೂ ಹೂ ಬಿಡುತ್ತದೆ.

ಜನವರಿ ಬಹಳ ಕಷ್ಟದ ತಿಂಗಳು. ಎಂಪ್ರೆಸ್ ಗಾರ್ಡನ್ನಿನಲ್ಲಿ ಹೂ ಪ್ರದರ್ಶನ ಆಗುವುದು ಆಗಲೇ. ಪುಣೆಯ ಅರ್ಧ ಊರು ಅಲ್ಲಿ ಸೇರುತ್ತದೆ. ಅಷ್ಟೆಲ್ಲ ಬಣ್ಣ ನೋಡಿಕೊಂಡು ಮನೆಗೆ ಬಂದರೆ ನನ್ನ ಬಾಲ್ಕನಿಯಲ್ಲಿ ಸಾಲಾಗಿ ಒಣ ಮಣ್ಣಿನ ಕುಂಡಗಳು. ಸ್ವಲ್ಪ ನೀರು ಹಾಕಲಾ ಅನ್ನಿಸುತ್ತದೆ. ಕೈ ಕಟ್ಟಿಕೊಂಡು ಇರಬೇಕು. ಶಿವರಾತ್ರಿಯ ಸುಮಾರಿಗೆ ಮೇಲಿನ ಎರಡು ಇಂಚು ಮಣ್ಣು ತೆಗೆದು, ಎರೆಗೊಬ್ಬರ ಬೆರೆಸಿದ ಹೊಸ ಮಣ್ಣು ಹಾಕಿ, ಒಂದು ಸಲ ಚೆನ್ನಾಗಿ ನೀರು ಕೊಡು. ಆಮೇಲೆ ಹಸಿರು ತುದಿ ಕಾಣುವ ತನಕ ಸುಮ್ನೆ ಇರು. ತುದಿ ತೆಳ್ಳಗಿದ್ದರೆ ಎಲೆ, ದಪ್ಪಗೆ ಉಬ್ಬಿಕೊಂಡು ಬಂದರೆ ಮೊಗ್ಗು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಾಗ ಆಗುವ ಸಂತೋಷ ನಿನಗೂ ಸಿಗಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ಹಳೆಯ ಗಡ್ಡೆ ಕೆಂಪು ಹೂವಿನ ನಡುವೆ ಬಿಳಿ ಗೆರೆ ಇರುವ ಜಾತಿಯದು. ಆ ತರಹದ ಮಿಶ್ರತಳಿಯನ್ನು ಮೊದಲು ಬೆಳೆಸಿದವನು ಇಂಗ್ಲೆಂಡಿನಲ್ಲಿ ಗಡಿಯಾರ ಮಾಡುತ್ತಿದ್ದ ಆರ್ಥರ್ ಜಾನ್ಸನ್, 1799ರಲ್ಲಿ. ಬೀಜ ಬಿತ್ತಿ ಹೂ ನೋಡಲು ಮೂರು ನಾಲ್ಕು ವರ್ಷ ಕಾಯಬೇಕಾದ ಗಿಡ ಇದು. ಅವನ ತಾಳ್ಮೆ ನೆನೆದು ನನಗೆ ಗೌರವ ಬರುತ್ತದೆ. ಈ ಜಾತಿ ಮರಿಗಡ್ಡೆ ಇಡುವುದರಲ್ಲಿ ಬಹಳ ಧಾರಾಳಿ. ನಮ್ಮ ಬಾಲ್ಕನಿಯಲ್ಲಿ ಈಗ ಬಟ್ಟೆ ಒಣಗಿಸಲೂ ಜಾಗವಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯುವ ಯೋಚನೆ ಇರಲಿಲ್ಲ.

ಮೊನ್ನೆ ಸೊಸೈಟಿಯ ಸೆಕ್ರೆಟರಿ ಕಾಕಾ ಮೆಟ್ಟಿಲಲ್ಲಿ ಸಿಕ್ಕರು. ಪೂರ್ವದ ಕಾಂಪೌಂಡ್ ಗೋಡೆಯ ಪಕ್ಕದ ಪಟ್ಟಿ ಖಾಲಿಯಾಗಿದೆ, ನಿಮ್ಮ ಗಡ್ಡೆಗಳನ್ನೆಲ್ಲ ಅಲ್ಲೇ ನೆಲಕ್ಕೆ ಹಾಕಿಬಿಡಿ, ಮಾಳಿ ನೋಡಿಕೊಳ್ಳುತ್ತಾನೆ ಅಂದರು. ಒಳ್ಳೆಯ ಜಾಗ ಅದು. ಬೆಳಗಿನ ಬಿಸಿಲು ಬೀಳುತ್ತದೆ, ನೀರು ನಿಲ್ಲುವುದಿಲ್ಲ. ನೆಲದಲ್ಲಾದರೆ ಗಡ್ಡೆಗಳು ಗುಂಪು ಗುಂಪಾಗಿ ಬೆಳೆಯುತ್ತವೆ. ಕೆಲವು ವರ್ಷ ಕೀಳುವ ಕೆಲಸವೇ ಇಲ್ಲ. ಪುಣೆಯ ಒಣ ಚಳಿಗಾಲ ತಾನೇ ಅವನ್ನು ಮಲಗಿಸುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮಕ್ಕಳ ಚೆಂಡು, ಬೆಕ್ಕು, ಮಳೆ ಅಂತ ಕಾರಣ ಹೇಳುತ್ತಾ ನಿಂತೆ. ಅವುಗಳಲ್ಲಿ ಒಂದೂ ನಿಜವಾದ ಕಾರಣವಾಗಿರಲಿಲ್ಲ.

ನಿಜವಾದದ್ದು ರಾತ್ರಿ ಹೊಳೆಯಿತು. ಕುಂಡದಲ್ಲಿದ್ದರೆ ಶಿರಸಿಗೆ ಬರುವಾಗ ಎತ್ತಿಕೊಂಡು ಬರಬಹುದು. ಮೊದಲ ಗಡ್ಡೆ ತಂದ ದಿನದಿಂದ ನನ್ನ ತಲೆಯಲ್ಲಿ ಅದೇ ಇತ್ತು. ಗಡ್ಡೆ ಒಂದೇ ಅಲ್ಲ. ಇವಳು ಹಾಲಿಗೆ ಮರದ ತೂಗುಮಂಚ ಬೇಕು ಅಂದಾಗಲೂ, ಊರಲ್ಲಿ ಮನೆ ಕಟ್ಟುತ್ತೇವಲ್ಲ, ಅಲ್ಲಿಗೇ ಮಾಡಿಸೋಣ ಅಂದಿದ್ದೆ. ಅವಳು ಮತ್ತೆ ಕೇಳಲಿಲ್ಲ. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಮರಾಠಿಯಲ್ಲಿ ಜಗಳವಾಡುತ್ತಾ ದೊಡ್ಡವಳಾದಳು. ನಾನು ಮಾತ್ರ ಹೊರಡುವ ಲೆಕ್ಕದಲ್ಲೇ ಈ ಮನೆಯಲ್ಲಿ ಇದ್ದೆ.

ಈಗ ನಿಜ ಹೇಳಬೇಕೆಂದರೆ ಶ್ರೀಪಾದ, ಬನವಾಸಿ ರಸ್ತೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಸೈಟು ತಗೊಂಡಾಗ ಇದ್ದ ಆಸೆ ನನ್ನಲ್ಲಿ ಈಗ ಹಾಗೆಯೇ ಉಳಿದಿಲ್ಲ. ನೀನು ಮಾತು ಉಳಿಸಿಕೊಂಡು ಹೋದೆ, ಮನೆ ಕಟ್ಟಿದೆ. ವರ್ಷ ವರ್ಷ ನನ್ನ ಸೈಟಿನ ಕಳೆಯನ್ನೂ ನೀನೇ ತೆಗೆಸುತ್ತೀಯ. ಪಾಯ ಯಾವಾಗ ಅಂತ ಕೇಳುತ್ತೀಯ. ನಾನು ಮುಂದಿನ ವರ್ಷ ಅನ್ನುತ್ತೇನೆ. ಊರಿಗೆ ಬಂದ ನಾಲ್ಕನೇ ದಿನಕ್ಕೆ ನನಗೆ ಪುಣೆಯ ಬೆಳಗು ಬೇಕು ಅನ್ನಿಸತೊಡಗುತ್ತದೆ. ಊರು ಬಿಟ್ಟುಹೋಗುತ್ತದೆ ಅನ್ನುವ ಭಯ ಅಷ್ಟಿಲ್ಲ. ನಾನು ಬರುವುದಿಲ್ಲ ಅಂತ ಗೊತ್ತಾದರೆ, ಸಂಜೆ ಜಗುಲಿಯಲ್ಲಿ ಕೂರುವ ಆ ಯೋಜನೆಯಲ್ಲಿ ನೀನು ಒಬ್ಬನೇ ಉಳಿಯುತ್ತೀಯಲ್ಲ, ಅದು ಸಂಕಟ. ಫೋನಿನಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಬರೆದೆ. ಅಳಿಸೋಣ ಅನ್ನಿಸಿತು, ಅಳಿಸಿಲ್ಲ. ಬರುವುದೇ ಇಲ್ಲ ಅಂತಲೂ ಹೇಳುತ್ತಿಲ್ಲ. ಗೊತ್ತಿಲ್ಲ ಅಂತ ಹೇಳುತ್ತಿದ್ದೇನೆ.

ಇರಲಿ ಬಿಡು, ಹಬ್ಬದ ಹೊತ್ತಿಗೆ ಇಷ್ಟು ಸಾಕು. ನಿನ್ನೆ ಕಾಕಾಗೆ ಹೂಂ ಅಂದೆ. ಫೆಬ್ರವರಿಯಲ್ಲಿ, ಗಡ್ಡೆ ಏಳುವ ಮೊದಲು, ಬಿಳಿ ಗೆರೆಯ ಕೆಲವನ್ನು ಗೋಡೆಯ ಪಕ್ಕ ಹಾಕುತ್ತೇನೆ. ಮಾಳಿ ಆಗಲೇ ಮಣ್ಣು ಅಗೆದು ಮರಳು ಬೆರೆಸಲು ಶುರು ಮಾಡಿದ್ದಾನೆ, ಅವನ ಉತ್ಸಾಹ ನನಗಿಂತ ಜಾಸ್ತಿ. ಅದೇ ತಿಂಗಳು ಇವಳ ತಮ್ಮ ಶಿರಸಿಗೆ ಬರುತ್ತಾನೆ. ಎರಡು ದಪ್ಪ ಗಡ್ಡೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು ಕಳಿಸುತ್ತೇನೆ. ನಿಮ್ಮ ಮಳೆಗೆ ಮಾಡಿನ ನೀರು ನೇರ ಬೀಳದ ಕಡೆ ಇಡು. ಕಪ್ಪು ಮೈಗೆ ಬಿಳಿ ಚುಕ್ಕೆಯ ಹುಳ ಕಂಡರೆ ಅವತ್ತೇ ಆರಿಸಿ ತೆಗೆ, ಬಿಟ್ಟರೆ ಬೇಗನೆ ಎಲೆಯೆಲ್ಲ ಖಾಲಿ ಮಾಡುತ್ತವೆ. ದನಕರು, ನಾಯಿ ಬಾಯಿ ಹಾಕದಂತೆ ನೋಡಿಕೋ. ಗಡ್ಡೆಯಲ್ಲಿ ಲೈಕೋರಿನ್ ಅನ್ನುವ ವಿಷ ಇದೆ.

ಈ ವರ್ಷ ಕಳೆ ತೆಗೆಸಿದ ಕೂಲಿ ನಾನೇ ಕೊಡುತ್ತೇನೆ, ಜಗಳ ಬೇಡ. ಹಲಸಿನ ಚಿಪ್ಸ್ ಕಳಿಸುವುದಾದರೆ ಭಾವಮೈದುನನ ಕೈಲಿ ಮಾತ್ರ ಕೊಡಬೇಡ, ಹೋದ ಸಲ ಏನಾಯಿತು ಅಂತ ನಿನಗೆ ಗೊತ್ತಲ್ಲ.

ನಿನ್ನ,
ಪಕ್ಕದ ಸೈಟಿನವ