ಮೆಕ್ಯಾನಿಕ್ಸ್ ಲೆಕ್ಕಗಳಲ್ಲಿ ಊಹೆಗಳನ್ನು ಬರೆಯುವ ಕುರಿತು

ಸದಸ್ಯರ ಗಮನಕ್ಕೆ: ಲೆಕ್ಕಗಳ ಉತ್ತರವನ್ನು ಗುಂಪಿನಲ್ಲಿ ಹಂಚಿಕೊಳ್ಳುವಾಗ, ನೀವು ಮಾಡಿಕೊಂಡ ಊಹೆಗಳನ್ನೂ, ಪ್ರತಿ ಊಹೆಯನ್ನು ಯಾವ ಸಮೀಕರಣದಲ್ಲಿ ಬಳಸಿದ್ದೀರೆಂಬುದನ್ನೂ ದಯವಿಟ್ಟು ಬರೆಯಿರಿ. ರಾಟೆಯ ಮೇಲೆ ಹಾಯಿಸಿದ ದಾರದ ಎರಡು ತುದಿಗಳಲ್ಲಿ ತೂಕಗಳು ತೂಗುವ ಲೆಕ್ಕದಲ್ಲಿ, ಎರಡೂ ತೂಕಗಳ ವೇಗೋತ್ಕರ್ಷದ (ವೇಗ ಬದಲಾಗುವ ದರದ) ಪರಿಮಾಣ ಒಂದೇ ಆಗುವುದು ದಾರವು ಹಿಗ್ಗುವುದಿಲ್ಲ ಎಂಬ ಊಹೆಯಿಂದ. ದಾರದ ಎರಡೂ ಬದಿಯ ಎಳೆತ ಸಮವಾಗಿರುವುದಾದರೋ, ದಾರಕ್ಕೆ ದ್ರವ್ಯರಾಶಿಯಿಲ್ಲ ಮತ್ತು ರಾಟೆ ನುಣುಪಾಗಿದೆ ಎಂಬ ಊಹೆಗಳಿಂದ. ಇವೆರಡನ್ನು ಬೆರೆಸಿ ಬರೆಯುವುದು ತೀರಾ ಸಾಮಾನ್ಯವಾದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ. ರಾಟೆಗೆ ದ್ರವ್ಯರಾಶಿಯಿದ್ದು, ದಾರವು ಜಾರದೆ ಅದನ್ನು ತಿರುಗಿಸುತ್ತಿದ್ದರೆ, ವೇಗೋತ್ಕರ್ಷವಿರುವವರೆಗೂ ಎರಡು ಎಳೆತಗಳು ಬೇರೆಬೇರೆಯಾಗಿಯೇ ಇರುತ್ತವೆ. ಊಹೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ನೋಡಿ: ಸರಳ ಲೋಲಕವನ್ನು 30 ಡಿಗ್ರಿ ಕೋನದಿಂದ ಬಿಟ್ಟರೆ, ಅದರ ಆವರ್ತಕಾಲವು (ಒಂದು ಪೂರ್ಣ ತೂಗಾಟಕ್ಕೆ ಹಿಡಿಯುವ ಸಮಯ) ಕೋನವು ಸಣ್ಣದೆಂಬ ಊಹೆಯಿಂದ ಬಂದ ಸೂತ್ರ ಕೊಡುವುದಕ್ಕಿಂತ ಸುಮಾರು ಶೇ. 1.7ರಷ್ಟು ಹೆಚ್ಚಿರುತ್ತದೆ. ಗಾಳಿಯ ತಡೆಯನ್ನು ಕೈಬಿಟ್ಟಿದ್ದರೆ ಒಂದು ಸಾಲಿನಲ್ಲಿ ನಮೂದಿಸಿದರೆ ಸಾಕು.